‘ಬಿಡು’ ಅಂದದ್ದು ಯಾರಿಗೆ

ಎಲ್ಲರ ಮನೆಗೂ ಚಪ್ಪಲಿ ಕಳಚಿ ಒಳಗೆ ಹೋಗುತ್ತಾರೆ. ನಮ್ಮ ಅತ್ತಿಗೆಯ ಮನೆಗೆ ಹಾಕಿಕೊಂಡು ಹೋಗಬೇಕು. ಬರಿಗಾಲಲ್ಲಿ ಬಂದವರಿಗೆಂದು ಬಾಗಿಲ ಪಕ್ಕದಲ್ಲೇ ನಾಲ್ಕು ಜೊತೆ ಹಳೆಯ ರಬ್ಬರ್ ಚಪ್ಪಲಿ ಇಟ್ಟಿದ್ದಾಳೆ. ಜೊತೆ ಅಂತ ನಾನು ಹೇಳಿದ್ದಷ್ಟೇ, ಅದರಲ್ಲಿ ಎಡಗಾಲಿನವೇ ಐದಿವೆ. ಯಾರಾದರೂ ಬರಿಗಾಲಲ್ಲಿ ಹೊಸಿಲು ದಾಟಿದರೆ ಒಳಗಿನಿಂದಲೇ ದನಿ ಬರುತ್ತದೆ: "ಕಾಲಿಗೆ ಹಾಕ್ಕೊಳ್ಳಿ. ನಿಮ್ಮ ಪಾದ ನೋಡೋ ಆಸೆ ನಂಗಿಲ್ಲ."

ಅವಳದು ಬ್ಯಾಟರಿಗಳನ್ನು ಚಾರ್ಜ್ ಮಾಡಿಕೊಡುವ ಕೆಲಸ. ಬಾಗಿಲ ಮೇಲಿನ ಹಲಗೆಯಲ್ಲಿ ಅಣ್ಣನ ಹೆಸರಿದೆ. ಬೀದಿಯವರ ಬಾಯಲ್ಲಿ ಮಾತ್ರ ಅದು ‘ಕರೆಂಟಕ್ಕನ ಅಂಗಡಿ’. ಮದುವೆಯಾಗಿ ಬಂದ ಹೊಸತರಲ್ಲಿ ಬಲ್ಬು ಬದಲಾಯಿಸಲೂ ಹೆದರುತ್ತಿದ್ದವಳು, ಎರಡೇ ವರ್ಷದಲ್ಲಿ ಅಣ್ಣನಿಗೇ ಪಾಠ ಹೇಳುವಷ್ಟಾದಳು. ಯಾವ ಬ್ಯಾಟರಿ ಬಂದರೂ ಮೊದಲು ಸೀಮೆಸುಣ್ಣದಲ್ಲಿ ಅದರ ಬೆನ್ನ ಮೇಲೆ ಒಡೆಯನ ಗುರುತು ಬರೆಯುತ್ತಾಳೆ. ಆಮೇಲೆ ಒರೆಸುತ್ತಾಳೆ. ಆಮೇಲೆ ಅವಳ ಮಂತ್ರ ಶುರುವಾಗುತ್ತದೆ: ಕೆಂಪು, ಕರಿ, ಪ್ಲಗ್ಗು, ಕೂಗು. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕರಿ ಕ್ಲಿಪ್ಪು ಮೈನಸ್ಸಿಗೆ, ಅದಾದ ಮೇಲೇ ಪ್ಲಗ್ಗು, ಎಲ್ಲಕ್ಕಿಂತ ಕೊನೆಗೆ ಕರೆಂಟಿಗಾಗಿ ಕೂಗು. ತೆಗೆಯುವಾಗ ತಿರುಗುಮುರುಗು. ಅಣ್ಣ ಎಷ್ಟೋ ಸಲ ಪ್ಲಗ್ಗನ್ನು ವೈರು ಹಿಡಿದು ಜಗ್ಗಿ ಕೀಳುತ್ತಿದ್ದ. "ಬಾಲ ಹಿಡಿದು ಎಳೀಬೇಡ್ರೀ, ತಲೆ ಹಿಡ್ಕೊಳ್ಳಿ" ಎಂದು ಅವಳು ಬೈಯುವುದು ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು.

ನಾನು ಅವಳ ನಾದಿನಿ. ಎರಡು ಬೀದಿ ಆಚೆ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಇಬ್ಬರದೂ ಒಂದೇ ವಯಸ್ಸು, ಹಾಗಾಗಿ ನಮ್ಮಲ್ಲಿ ಏಕವಚನವೇ. ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ಅಣ್ಣನ ಜೊತೆಗಿರುವ ಅಮ್ಮ ಹೇಳುತ್ತಿರುತ್ತಾಳೆ, ಅವಳಿಂದಲೇ ಬಂದದ್ದೆಂದು ಗೊತ್ತಿದ್ದೂ. ನಾದಿನಿ ಅಂದಮೇಲೆ ಅತ್ತಿಗೆಯ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚು ಇರಬೇಕಲ್ಲ, ನನಗೂ ಇತ್ತು. ಆದರೆ ಅವಳಿಗೆ ಕೇಡಾಗಲಿ ಎಂದು ನಾನು ಯಾವತ್ತೂ ಬಯಸಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದಿದರೆ ನೀವು ನಂಬಲಿಕ್ಕಿಲ್ಲ.

ಆ ಮನೆಯ ಕೂಗಿನ ವಿಷಯ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲು ಅದು ಒಂದೇ ದೊಡ್ಡ ಕೋಣೆ. ಮನೆ ಮಾಲೀಕರು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದರು, ವೈರಿಂಗ್ ಮಾತ್ರ ಹಾಗೆಯೇ ಉಳಿಯಿತು. ಬ್ಯಾಟರಿ, ಚಾರ್ಜರು, ಸಾಕೆಟ್ಟುಗಳ ಬೋರ್ಡು ಎಲ್ಲ ಮುಂದಿನ ಕೋಣೆಯಲ್ಲಿ. ಆ ಬೋರ್ಡಿಗೆ ಕರೆಂಟು ಕೊಡುವ ಸ್ವಿಚ್ಚು, ಫ್ಯೂಸು ಎರಡೂ ಹಿಂದಿನ ಕೋಣೆಯಲ್ಲಿ, ಒಲೆಯ ಪಕ್ಕದ ಗೋಡೆಯ ಮೇಲೆ. ಹೀಗಾಗಿ ಮುಂದೆ ಅಣ್ಣ ಕ್ಲಿಪ್ಪು ಹಾಕಿ, ಪ್ಲಗ್ಗು ಚುಚ್ಚಿ, ಕೈ ತೆಗೆದು, "ಬಿಡು" ಎಂದು ಕೂಗುತ್ತಿದ್ದ. ಕರೆಂಟು ಬಿಡು ಎಂದು ಅರ್ಥ. ಹಿಂದೆ ಅತ್ತಿಗೆ ಸ್ವಿಚ್ಚು ಹಾಕುತ್ತಿದ್ದಳು. ಚಾರ್ಜರಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಒಂಬತ್ತು ವರ್ಷ, ದಿನಕ್ಕೆ ಹತ್ತಾರು ಸಲ, ಒಂದು ಸಲವೂ ಹೆಚ್ಚುಕಡಿಮೆ ಆಗಿರಲಿಲ್ಲ.

ಆ ವಾರ ದೊಡ್ಡ ಚಾರ್ಜರಿನ ಪ್ಲಗ್ಗು ಒಡೆದಿತ್ತು. ಅದರ ಮೂರನೆಯ ಪಿನ್ನು ಮುರಿದು ಸಾಕೆಟ್ಟಿನೊಳಗೇ ಉಳಿದಿತ್ತು. ಅಣ್ಣ ಪ್ಲಗ್ಗನ್ನು ಕತ್ತರಿಸಿ ಎಸೆದ. ಅರ್ತಿಂಗಿನ ಹಸಿರು ತಂತಿಯನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿದ. ಉಳಿದೆರಡು ತಂತಿಗಳ ತುದಿ ಸುಲಿದು, ಪಕ್ಕದ ಸಾಕೆಟ್ಟಿನ ತೂತುಗಳಿಗೆ ತುರುಕಿ, ಅಲ್ಲಾಡದ ಹಾಗೆ ಬೆಂಕಿಕಡ್ಡಿ ಚುಚ್ಚಿ ಕೆಲಸ ಸಾಗಿಸುತ್ತಿದ್ದ. ಹೊಸ ಪ್ಲಗ್ಗು ಸಿಗುವ ಅಂಗಡಿ ನಾಲ್ಕು ಬಾಗಿಲು ಆಚೆ. ಅತ್ತಿಗೆ ದಿನಾ ಹೇಳುತ್ತಿದ್ದಳು. ಅವನು ದಿನಾ "ನಾಳೆ ತರ್ತೀನಿ" ಎನ್ನುತ್ತಿದ್ದ. "ಕಡ್ಡಿ ಇರೋದು ಒಲೆ ಹಚ್ಚೋಕೆ, ನಿಮ್ಮನ್ನ ಹಚ್ಚೋಕಲ್ಲ" ಎಂದು ಅವಳು ರೇಗಿದ್ದನ್ನು ನಾನೇ ಕಿವಿಯಾರೆ ಕೇಳಿ ನಕ್ಕಿದ್ದೆ.

ಅವತ್ತು ಬೆಳಿಗ್ಗೆ ಹತ್ತೂವರೆ. ನನ್ನ ಸ್ಕೂಟರಿನ ಬ್ಯಾಟರಿ ಕೆಟ್ಟು ಕೂತಿತ್ತು. ಅದನ್ನು ಬಿಚ್ಚಿ, ಹಳೇ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದೆ. ನನ್ನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಅಳತೆ ಕೊಡಲು ಕಾಯುತ್ತಿದ್ದರು, ಹಾಗಾಗಿ ಅವಸರ. ಹೊಲಿಗೆ ಮೆಷಿನ್ನಿನ ಮುಂದಿನಿಂದ ಎದ್ದು ಬರಿಗಾಲಲ್ಲೇ ಓಡಿ ಬಂದಿದ್ದೆ. ಒಳಗೆ ಹೋಗಬೇಕೆಂದರೆ ಆ ಎಡಗಾಲಿನ ಚಪ್ಪಲಿಗಳನ್ನು ಹುಡುಕಿ ಹಾಕಿಕೊಳ್ಳಬೇಕು. ಯಾರಿಗೆ ಬೇಕು ಆ ರಗಳೆ ಎಂದು ಹೊಸಿಲ ಆಚೆಯೇ ನಿಂತೆ. ಅಣ್ಣ ಬೋರ್ಡಿನ ಮುಂದೆ ಬಗ್ಗಿ ನನಗೆ ಬೆನ್ನು ಮಾಡಿ ಏನೋ ಮಾಡುತ್ತಿದ್ದ.

"ಅಣ್ಣ, ಇದನ್ನ ಇಲ್ಲೇ ಬಿಡ್ಲಾ?" ಎಂದೆ.

"ಬಿಡು" ಎಂದ. ತಿರುಗಿ ನೋಡಲಿಲ್ಲ. ಅವನ ದನಿ ಯಾವಾಗಲೂ ದೊಡ್ಡದು, ಚಾರ್ಜರಿನ ಸದ್ದಿನ ಮೇಲೆ ಕೂಗಿ ಕೂಗಿ ಹಾಗಾಗಿದೆ.

ಕೈ ಚಾಚಿ ಹೊಸಿಲ ಒಳಗಿನ ಚಪ್ಪಲಿಗಳ ಪಕ್ಕದಲ್ಲಿ ಬ್ಯಾಟರಿ ಇಟ್ಟು ನಾನು ಹೊರಟೆ. ಬೀದಿಯ ತಿರುವು ದಾಟುವಷ್ಟರಲ್ಲಿ ಅಳತೆಯ ಯೋಚನೆ ತಲೆ ತುಂಬಿತ್ತು. ಹಿಂದೆ ಏನಾಯಿತು ಎಂದು ನನಗೆ ಗೊತ್ತಾಗಲಿಲ್ಲ.

ಆದದ್ದು ಇಷ್ಟು. ಒಳಗೆ ಅತ್ತಿಗೆ ಡ್ರಮ್ಮಿಗೆ ನೀರು ಬಿಟ್ಟುಕೊಂಡಿದ್ದಳು, ನಲ್ಲಿ ಭೋರ್ ಎನ್ನುತ್ತಿತ್ತು. ಆ ಸದ್ದಿನಲ್ಲಿ ನನ್ನ ಮಾತು ಅವಳಿಗೆ ಕೇಳಲಿಲ್ಲ. ಅಣ್ಣನ ‘ಬಿಡು’ ಕೇಳಿತು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸ್ವಿಚ್ಚು ಹಾಕಿದಳು. ಆ ಹೊತ್ತಿಗೆ ಅಣ್ಣ ಸುಲಿದ ತಂತಿಯನ್ನು ಬೆರಳಲ್ಲಿ ಹಿಡಿದು ಸಾಕೆಟ್ಟಿಗೆ ತುರುಕುತ್ತಿದ್ದ. ಬ್ಯಾಟರಿಗೆ ನೀರು ತುಂಬುವಾಗ ನೆಲದ ಮೇಲೆ ಚೆಲ್ಲಿದ್ದು ಅವಳ ಮಾತು ಕೇಳದೆ ಚಪ್ಪಲಿ ಬಿಟ್ಟಿದ್ದ ಅವನ ಬರಿಗಾಲ ಕೆಳಗೇ ಹರಿದಿತ್ತು.

ಫ್ಯಾನು ಗುಂಯ್ ಎನ್ನಬೇಕಿತ್ತು, ಎನ್ನಲಿಲ್ಲ. ಅದರ ಬದಲು ಸ್ಟೂಲು ಬಿದ್ದ ಸದ್ದು, ಹಲ್ಲು ಕಡಿದು ನರಳಿದಂಥ ಒಂದು ಸದ್ದು. ಅತ್ತಿಗೆ ಓಡಲಿಲ್ಲ, ಕೂಗಲಿಲ್ಲ. ಮೊದಲು ಸ್ವಿಚ್ಚು ತೆಗೆದಳು. ಆಮೇಲೆ ಫ್ಯೂಸನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಗಂಡನ ಹತ್ತಿರ ಹೋದಳು. ಗಾಬರಿಯಲ್ಲಿ ಓಡಿ ಬಂದು ಮುಟ್ಟಿದ್ದರೆ ಇಬ್ಬರನ್ನೂ ಇಲ್ಲಿಗೆ ತರಬೇಕಾಗುತ್ತಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಅಷ್ಟು ಹೊತ್ತಿನಲ್ಲಿ ತಲೆ ಅಷ್ಟು ನೆಟ್ಟಗಿರಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಫೋನು ಬಂದಾಗ ನಾನು ಅಳತೆ ಬರೆಯುತ್ತಿದ್ದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಣ್ಣನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಉಸಿರಿತ್ತು, ಮಾತಿರಲಿಲ್ಲ. ಹೊರಗೆ ಬೆಂಚಿನ ಒಂದು ತುದಿಯಲ್ಲಿ ಅಮ್ಮ, ಇನ್ನೊಂದು ತುದಿಯಲ್ಲಿ ಅತ್ತಿಗೆ. ನಡುವೆ ನಾಲ್ಕು ಜನ ಕೂರುವಷ್ಟು ಜಾಗ.

"ಏನಾಯ್ತೇ ಅತ್ತಿಗೆ?"

"ಬಿಡು ಅಂದ್ರು. ಬಿಟ್ಟೆ" ಎಂದಳು. ಅಷ್ಟೇ. ಅವಳ ಮುಷ್ಟಿಯಲ್ಲಿ ಇನ್ನೂ ಆ ಬಿಳಿ ಪಿಂಗಾಣಿ ಫ್ಯೂಸು ಇತ್ತು.

"ಎಷ್ಟು ಹೊತ್ತಿಗೆ?" ಎಂದು ಕೇಳಿದೆ. "ಹತ್ತೂವರೆ ಇರ್ಬೇಕು. ನೀರು ಬಂದ ಸ್ವಲ್ಪ ಹೊತ್ತಿಗೆ" ಎಂದಳು. ನಾನು ಅವಳ ಪಕ್ಕದಲ್ಲಿ ಕೂತೆ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಮ್ಮ, "ತಂತಿ ಹಿಡ್ಕೊಂಡಿರೋನು ಬಿಡು ಅಂತ ಹೇಗೆ ಕೂಗ್ತಾನೆ? ಅವನಿಗೇನು ಜೀವ ಬೇಡ್ವಾ?" ಎಂದಳು. ಅಮ್ಮನ ಮುಖ ನೋಡಿದೆ. ಆ ಮುಖ ನನ್ನ ಕಡೆ ತಿರುಗಿದರೆ ಹೇಗಿರುತ್ತದೆ ಎಂದು ಊಹಿಸಿದೆ. ತೆರೆದ ಬಾಯಿ ಮುಚ್ಚಿಕೊಂಡಿತು.

ಮೊದಲು ಅವನು ಕಣ್ಣು ಬಿಡಲಿ, ಆಮೇಲೆ ಹೇಳೋಣ ಅಂದುಕೊಂಡೆ. ಎರಡನೆಯ ದಿನ ಅವನಿಗೆ ಬಟ್ಟೆ ತರಲು ನನ್ನನ್ನು ಮನೆಗೆ ಕಳಿಸಿದರು. ಬೀಗ ತೆಗೆದರೆ ಚಪ್ಪಲಿಗಳ ಪಕ್ಕದಲ್ಲಿ ನನ್ನ ಬ್ಯಾಟರಿ. ಸಾಲಿನಲ್ಲಿದ್ದ ಎಲ್ಲ ಬ್ಯಾಟರಿಗಳ ಮೇಲೂ ಅತ್ತಿಗೆಯ ಸೀಮೆಸುಣ್ಣದ ಗುರುತಿತ್ತು, ಇದರ ಮೇಲೆ ಮಾತ್ರ ಇರಲಿಲ್ಲ. ಅವಳು ನೋಡಿದ ಕೂಡಲೇ ಕೇಳುತ್ತಾಳೆ, ಇದು ಯಾವಾಗ ಬಂತು, ಯಾರು ತಂದರು ಎಂದು. ನಾನು ಅದನ್ನು ಅದೇ ಹಳೇ ಬಟ್ಟೆಯಲ್ಲಿ ಸುತ್ತಿ ನನ್ನ ಮನೆಗೆ ಹೊತ್ತುಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದೆ. ಕಳ್ಳತನ ಮಾಡಿದವರೂ ಅಷ್ಟು ಅಕ್ಕಪಕ್ಕ ನೋಡಿಕೊಂಡು ನಡೆಯುವುದಿಲ್ಲ. ಅಲ್ಲಿಯವರೆಗೆ ಬರಿ ಸುಮ್ಮನಿದ್ದೆ ಅನ್ನಬಹುದಿತ್ತು, ಆಮೇಲೆ ಅದನ್ನೂ ಅನ್ನುವ ಹಾಗಿರಲಿಲ್ಲ.

ಮೂರನೆಯ ದಿನ ಅಣ್ಣ ಸರಿಯಾಗಿ ಮಾತಾಡಿದ. ಅಂಗೈ ಸುಟ್ಟಿತ್ತು, ಭುಜದ ಕೀಲು ತಪ್ಪಿತ್ತು, ಎರಡು ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಅವತ್ತು ಬೆಳಿಗ್ಗೆ ಎದ್ದದ್ದು ನೆನಪಿತ್ತು, ಆಮೇಲಿನದು ಅಳಿಸಿಹೋಗಿತ್ತು. ನಾನು ಬಂದದ್ದೂ ನೆನಪಿರಲಿಲ್ಲ. ಆದರೂ ಅತ್ತಿಗೆ ಮಂಚದ ಪಕ್ಕ ನಿಂತು, "ನೀವು ಕೂಗಿದ್ರಿ ಅಲ್ವಾ?" ಎಂದು ಕೇಳಿದಾಗ ಅವನು ಯೋಚಿಸಿ ಹೇಳಿದ: "ನೆನಪಿಲ್ಲ ಕಣೇ. ಆದ್ರೆ ತಂತಿ ಕೈಲಿದ್ದಾಗ ನಾನ್ಯಾಕೆ ಕೂಗ್ತೀನಿ?" ಅವಳನ್ನು ದೂರಬೇಕೆಂದು ಅಂದದ್ದಲ್ಲ. ಇದ್ದದ್ದನ್ನು ಹೇಳಿದ. ಅದಕ್ಕೇ ಅದು ಅವಳ ಎದೆಗೆ ನೇರವಾಗಿ ನಾಟಿತು.

ಅಣ್ಣನನ್ನು ಆಸ್ಪತ್ರೆಗೆ ತಂದ ಆಟೋದವರು ಅವನನ್ನು ನೋಡಲು ಬಂದು ಅಲ್ಲೇ ಇದ್ದರು. ಪಾಪ, ಅತ್ತಿಗೆಯ ಮುಖ ನೋಡಲಾಗದೆ, "ಯಾರಾದ್ರೂ ಗಿರಾಕಿ ಬಂದು ಬ್ಯಾಟರಿ ಇಲ್ಲಿ ಬಿಡ್ಲಾ ಅಂತ ಕೇಳಿರ್ಬಹುದು. ಅದಕ್ಕೆ ಇವರು ಏನೋ ಅಂದಿರ್ಬಹುದು" ಎಂದರು. ಈ ಮನುಷ್ಯ ಹತ್ತಿರ ಹತ್ತಿರ ಬಂದೇಬಿಟ್ಟರು. ಅತ್ತಿಗೆಯೇ ತಲೆ ಅಲ್ಲಾಡಿಸಿದಳು.

"ಇಲ್ಲ. ಗಿರಾಕಿಗಳಿಗೆ ಇವರು ‘ಬಿಡಿ’ ಅಂತಾರೆ. ನಂಗೆ ಕೇಳಿಸಿದ್ದು ‘ಬಿಡು’. ಮನೆಯವರಿಗೆ ಬಿಟ್ಟು ಇನ್ಯಾರಿಗೂ ಇವರು ಹಾಗೆ ಅನ್ನಲ್ಲ."

"ಮನೆಯವಳು ನಾನು ಒಳಗೆ ಮಲಗಿದ್ದೆ" ಎಂದಳು ಅಮ್ಮ. "ನಿನ್ನ ಬಿಟ್ರೆ ಇನ್ಯಾರಿದ್ರು ಅಲ್ಲಿ?"

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ನಾನು ಅಣ್ಣನ ಹೊದಿಕೆಯ ಅಂಚು ಸರಿ ಮಾಡುತ್ತಾ ನಿಂತೆ. ಸರಿಯಾಗೇ ಇತ್ತು ಆ ಅಂಚು.

ಅವನು ಮನೆಗೆ ಬಂದಮೇಲೆ ಹೇಳೋಣ ಅಂದುಕೊಂಡೆ. ಬಂದ. ಅವನ ಬೆರಳು ಸ್ವಲ್ಪ ಸರಿಹೋಗಲಿ, ಅಮ್ಮನ ಕೋಪ ಇಳಿಯಲಿ, ನಾಳೆ ಹೇಳೋಣ. ಪ್ಲಗ್ಗು ನಾಳೆ ತರುತ್ತೇನೆ ಎಂದ ಅಣ್ಣನಿಗೆ ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ ಅಷ್ಟನ್ನೂ ನನಗೇ ಬೈದುಕೊಳ್ಳಬೇಕಾಯಿತು. ನಮ್ಮ ರಕ್ತದಲ್ಲೇ ಇದೆ ಈ ನಾಳೆಯ ರೋಗ.

ಅಮ್ಮನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಬಂದವರಿಗೆಲ್ಲ ಅದೇ: "ಹಾಕಿದ್ದೂ ಅವಳೇ, ತೆಗೆದದ್ದೂ ಅವಳೇ. ನಾವೇನು ಹೇಳೋಕಾಗುತ್ತೆ?" ಅತ್ತಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಗಂಡನನ್ನು ಬೈಯುತ್ತಿದ್ದವಳು ಪಿಸುಮಾತಿಗೆ ಇಳಿದಳು. ಅಮ್ಮ ಬೈದದ್ದಕ್ಕೆ ಹೀಗಾಗಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅಲ್ಲ, ಅದಕ್ಕಿಂತ ಕೆಟ್ಟದ್ದು ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ತರಕಾರಿ ಹೆಚ್ಚುತ್ತಿದ್ದಳು. ಚಾಕು ನಿಲ್ಲಿಸಿ, "ಈಗ ಯಾರಾದ್ರೂ ಕರೆದ್ರಾ?" ಎಂದಳು. ಯಾರೂ ಕರೆದಿರಲಿಲ್ಲ. ಇನ್ನೊಂದು ದಿನ ಬಾಗಿಲಲ್ಲಿ ಗಿರಾಕಿಯೊಬ್ಬರು ಮೂರು ಸಲ "ಅಕ್ಕಾ" ಎಂದು ಕೂಗಿದರೂ ಅವಳು ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ನನ್ನ ತಲೆ ಬಾಗಿಲ ಕಡೆ ತಿರುಗಿದ ಮೇಲೆ ಎದ್ದಳು. ತನ್ನ ಕಿವಿಗೆ ಬಿದ್ದದ್ದು ಇನ್ನೊಬ್ಬರ ಕಿವಿಗೂ ಬಿತ್ತೇ ಎಂದು ನೋಡಿಕೊಂಡೇ ಅವಳು ಹೆಜ್ಜೆ ಎತ್ತುತ್ತಿದ್ದಳು. ಚಾರ್ಜರುಗಳ ಮೇಲೆ ಬಟ್ಟೆ ಹೊದಿಸಿದ್ದಳು. ಒಲೆಯ ಪಕ್ಕದ ಗೋಡೆಯ ಕಡೆ ಬೆನ್ನು ಮಾಡಿಕೊಂಡೇ ಅಡುಗೆ ಮಾಡುತ್ತಿದ್ದಳು.

ಹದಿನಾರನೆಯ ದಿನ, "ಕಿವಿ ಡಾಕ್ಟರ ಹತ್ರ ಹೋಗ್ಬೇಕು, ಜೊತೆಗೆ ಬಾ" ಎಂದಳು. ಹೋದೆ. ಗಾಜಿನ ಕಿಟಕಿಯ ಸಣ್ಣ ಕೋಣೆ. ಅವಳ ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಪರೀಕ್ಷೆ ಮಾಡುವ ಹೆಣ್ಣುಮಗಳು ಹೇಳಿದಳು: "ಸದ್ದು ಕೇಳಿಸಿದ ಕೂಡ್ಲೇ ಒತ್ತಿ. ಎಷ್ಟು ಸಣ್ಣದಾಗಿ ಕೇಳಿಸಿದ್ರೂ ಪರವಾಗಿಲ್ಲ." ನನ್ನನ್ನು ಕಿಟಕಿಯ ಹೊರಗೆ, ಪರೀಕ್ಷೆ ಮಾಡುವವಳ ಪಕ್ಕದಲ್ಲೇ ಕೂರಿಸಿದರು.

ಆ ಹೆಣ್ಣುಮಗಳು ಯಂತ್ರದ ಬಿರಡೆ ತಿರುಗಿಸಿದಳು. ಅತ್ತಿಗೆ ಒತ್ತಲಿಲ್ಲ. ಸದ್ದು ಇನ್ನೂ ಜೋರು ಮಾಡಿದಳು. ಒತ್ತಲಿಲ್ಲ. ಕೊನೆಗೆ ಹೆಡ್‌ಫೋನಿನ ಸದ್ದು ಕಿಟಕಿಯ ಆಚೆ ನನಗೇ ಸಣ್ಣಗೆ ಕೇಳುವಷ್ಟಾಯಿತು. ಅತ್ತಿಗೆಯ ಹೆಬ್ಬೆರಳು ಗುಂಡಿಗೆ ತಾಗಿಕೊಂಡೇ ಇತ್ತು. ಹಣೆಯ ಬೆವರು ರೆಪ್ಪೆಗೆ ಇಳಿದಿತ್ತು. ಆದರೂ ಒತ್ತಲಿಲ್ಲ.

ಬಾಗಿಲು ತೆಗೆದು ಆಕೆ ಕೇಳಿದಳು: "ಏನೂ ಕೇಳಿಸ್ತಿಲ್ವಾ ಅಮ್ಮಾ?"

"ಕೇಳಿಸ್ತಿದೆ" ಎಂದಳು ಅತ್ತಿಗೆ. "ನಿಜವಾಗ್ಲೂ ಕೇಳಿಸ್ತಿದೆಯೋ, ನಂಗೇ ಹಾಗನ್ನಿಸ್ತಿದೆಯೋ ಗೊತ್ತಾಗ್ತಿಲ್ಲ. ನೀವು ಹೌದು ಅಂದ್ರೆ ಒತ್ತುತ್ತೀನಿ."

ಆಕೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ.

ಹಿಂದಿರುಗುವಾಗ ದಾರಿಯಲ್ಲಿ ಅವಳು ನಿಧಾನವಾಗಿ ಹೇಳಿದಳು: "ನಾಳೆ ನನ್ನ ತಂಗಿ ಮನೆಗೆ ಹೋಗ್ತೀನಿ. ಇಲ್ಲಿ ಇರೋದು ಬೇಡ. ಇವರ ಕೈ ವಾಸಿಯಾದ್ಮೇಲೆ ಮತ್ತೆ ಕೆಲಸ ಶುರು ಮಾಡ್ತಾರೆ. ಆಗ ಒಳಗೆ ನಾನಿರ್ಬಾರ್ದು. ಇನ್ನೊಂದ್ಸಲ ನಂಗೆ ಏನಾದ್ರೂ ಕೇಳಿಸಿದ್ರೆ?"

"ವಾಪಸ್ ಯಾವಾಗ ಬರ್ತೀಯಾ?"

ಅವಳು ನಡಿಗೆ ಚುರುಕು ಮಾಡಿದಳು. ಬರುವುದಿಲ್ಲ ಎಂದು ನನಗೆ ಅರ್ಥವಾಯಿತು. ದಾರಿಯಲ್ಲೇ ಹೇಳಬೇಕಿತ್ತು. ಮೂರು ಸಲ ಗಂಟಲವರೆಗೆ ಬಂತು, ಮೂರು ಸಲವೂ ನುಂಗಿದೆ.

ಮನೆಯಲ್ಲಿ ಅಣ್ಣ ಮುಂದಿನ ಕೋಣೆಯ ಕುರ್ಚಿಯಲ್ಲಿದ್ದ, ಕೈಗೆ ಕಟ್ಟು. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. "ಏನಂದ್ರು? ಕಿವಿಯಲ್ಲೇನಾದ್ರೂ ಐಬು ಇದೆಯಂತಾ?" ಎಂದಳು ಅಮ್ಮ. ಆ ದನಿಯಲ್ಲಿ, ಇದ್ದರೆ ಒಳ್ಳೆಯದಾಯಿತು ಎಂಬಂಥ ಒಂದು ಆಸೆ ಇತ್ತು. ಅತ್ತಿಗೆ ಒಳಗೆ ಹೋಗಿ ಕಪಾಟಿನಿಂದ ಬ್ಯಾಗು ಎಳೆದ ಸದ್ದಾಯಿತು.

"ಅವಳ ಕಿವಿ ಸರಿಯಾಗಿದೆ" ಎಂದೆ. ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ. "ಅವತ್ತು ನಾನು ಬಂದಿದ್ದೆ. ಬ್ಯಾಟರಿ ಇಲ್ಲೇ ಬಿಡ್ಲಾ ಅಂತ ಕೇಳಿದೆ. ಅಣ್ಣ ಬಿಡು ಅಂದ. ಅದು ನಂಗೆ ಅಂದದ್ದು."

ಒಳಗೆ ಬ್ಯಾಗಿನ ಸದ್ದು ನಿಂತಿತು.

ಅಣ್ಣ ನನ್ನನ್ನೇ ನೋಡುತ್ತಾ ಕೂತ. ನೆನಪಿನಲ್ಲಿ ಹುಡುಕುತ್ತಿದ್ದಾನೆ, ಸಿಗುತ್ತಿಲ್ಲ ಎಂದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಅಮ್ಮ ಮಾತ್ರ ಕೈ ಒದರಿದಳು. "ಸುಮ್ನಿರೇ. ಅವಳು ಹೊರಟು ನಿಂತಳು ಅಂತ ನಿಂಗೆ ಕನಿಕರ. ಅದಕ್ಕೆ ಕಥೆ ಕಟ್ತಿದ್ದೀಯಾ. ಬಂದಿದ್ರೆ ಇಷ್ಟು ದಿನ ಬಾಯಿಗೇನು ಹೊಲಿಗೆ ಹಾಕಿತ್ತಾ?"

"ಹೆದರಿಕೆ ಅಮ್ಮ."

"ಯಾರ ಹೆದರಿಕೆ?"

"ನಿಂದೇ."

ಅಮ್ಮ ಏನೋ ಹೇಳಲು ಹೋದಳು. ಅಷ್ಟರಲ್ಲಿ ಅತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಒಂದೇ ಒಂದು ಮಾತು ಕೇಳಿದಳು: "ಬ್ಯಾಟರಿ ಎಲ್ಲಿ?"

"ನಮ್ಮನೇಲಿ. ಮಂಚದ ಕೆಳಗೆ."

"ತಗೊಂಡ್ ಬಾ."

ಓಡಿ ಹೋಗಿ ತಂದೆ. ಬರುವಷ್ಟರಲ್ಲಿ ಅವಳು ಫ್ಯೂಸು ಕಿತ್ತಿದ್ದಳು. ಟೆಸ್ಟರ್ ಹಿಡಿದು ಬೋರ್ಡಿನ ಒಂದೊಂದು ಸಾಕೆಟ್ಟಿನ ಒಂದೊಂದು ತೂತಿಗೂ ಚುಚ್ಚಿ, ದೀಪ ಹತ್ತುವುದಿಲ್ಲ ಎಂದು ಅಣ್ಣನಿಗೂ ಅಮ್ಮನಿಗೂ ತೋರಿಸಿದಳು. ಆಮೇಲೆ ಫ್ಯೂಸನ್ನು ಅಮ್ಮನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

"ಅತ್ತೆ, ಇದು ನಿಮ್ಮ ಕೈಲಿರೋ ತನಕ ಇಲ್ಲಿ ಯಾರಿಗೂ ಏನೂ ಆಗಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ."

ಅಣ್ಣನನ್ನು ಸ್ಟೂಲಿನ ಮೇಲೆ ಬೋರ್ಡಿನ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದಳು. ನನಗೆ, "ಎಲ್ಲಿ ನಿಂತಿದ್ಯೋ ಅಲ್ಲೇ ನಿಲ್ಲು. ಹೇಗೆ ಕೇಳಿದ್ಯೋ ಹಾಗೇ ಕೇಳು. ದನಿ ಏರಿಸ್ಬೇಡ" ಎಂದಳು. ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಡ್ರಮ್ಮಿಗೆ ನೀರು ಭೋರ್ ಎಂದು ಬೀಳತೊಡಗಿತು.

ನಾನು ಹೊಸಿಲ ಆಚೆ ಬ್ಯಾಟರಿ ಹಿಡಿದು ನಿಂತೆ. ಕರೆಂಟಿಲ್ಲ ಎಂದು ಕಣ್ಣಾರೆ ನೋಡಿದ್ದೇನೆ, ಫ್ಯೂಸು ಅಮ್ಮನ ಕೈಯಲ್ಲಿದೆ. ಆದರೂ ಇನ್ನೊಮ್ಮೆ ಅಮ್ಮನ ಮುಷ್ಟಿಯ ಕಡೆ ನೋಡಿಕೊಂಡೆ.

"ಅಣ್ಣ, ಇದನ್ನ ಇಲ್ಲೇ ಬಿಡ್ಲಾ?"

ಅಣ್ಣ ಕಟ್ಟು ಹಾಕಿದ ಕೈಯನ್ನು ಬೋರ್ಡಿನ ಮೇಲಿಟ್ಟ. ಅವನ ಕತ್ತಿನ ನರ ಎದ್ದು ಕಾಣುತ್ತಿತ್ತು. ಅಮ್ಮ ಎರಡೂ ಕೈಯಿಂದ ಫ್ಯೂಸು ಹಿಡಿದುಕೊಂಡು ಎದೆಗೆ ಒತ್ತಿಕೊಂಡಿದ್ದಳು.

"ಅಣ್ಣ, ಇದನ್ನ ಇಲ್ಲೇ ಬಿಡ್ಲಾ?"

"ಬಿಡು" ಎಂದ ಅಣ್ಣ.

ಒಳಗಿನಿಂದ ಸ್ವಿಚ್ಚು ಟಕ್ ಎಂದಿತು. ಅಣ್ಣ ಬೋರ್ಡಿನಿಂದ ಕೈ ಕಿತ್ತುಕೊಂಡು ಸ್ಟೂಲು ಸಮೇತ ಹಿಂದಕ್ಕೆ ಸರಿದ. ಅಮ್ಮನ ಬಾಯಿಂದ ಸಣ್ಣ ಚೀತ್ಕಾರ ಬಂತು, ತಕ್ಷಣ ಬಾಯಿ ಮುಚ್ಚಿಕೊಂಡಳು. ಯಾರಿಗೂ ಏನೂ ಆಗಲಿಲ್ಲ. ಅಷ್ಟು ಸಣ್ಣ ಟಕ್ ಸದ್ದಿಗೆ ಮೂರು ಜನರ ಮೈ ಬೆವೆತಿತ್ತು.

ನಲ್ಲಿ ನಿಂತಿತು. ಅತ್ತಿಗೆ ಹೊರಗೆ ಬಂದಳು.

"ಏನು ಕೇಳಿಸ್ತು?" ಅಮ್ಮನ ದನಿ ಅಮ್ಮನದಾಗಿರಲಿಲ್ಲ.

"ಬಿಡು ಅಂತ ಕೇಳಿಸ್ತು. ಅದೊಂದೇ. ಇವಳ ದನಿ ಕೇಳಿಸ್ಲೇ ಇಲ್ಲ." ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಹಾಕ್ಬಾರ್ದು ಅಂದ್ಕೊಂಡು ನಿಂತಿದ್ದೆ. ಆದ್ರೂ ಕೈ ಹೋಯ್ತು."

ಅಣ್ಣ ಹೇಳಿದ: "ನಿನ್ನ ಜಾಗದಲ್ಲಿ ನಾನಿದ್ರೂ ಹಾಕ್ತಿದ್ದೆ. ಪ್ಲಗ್ ಇದ್ದಿದ್ರೆ ನನ್ನ ಕೈಲಿ ತಂತಿಯೇ ಇರ್ತಿರ್ಲಿಲ್ಲ. ತಪ್ಪು ನಂದು."

ಅಮ್ಮ ಮುಷ್ಟಿ ಬಿಚ್ಚಿದಳು. ಫ್ಯೂಸಿನ ಅಂಚು ಅಂಗೈಯಲ್ಲಿ ಕೆಂಪಗೆ ಒತ್ತಿಕೊಂಡಿತ್ತು. "ಇದನ್ನ ಏನ್ಮಾಡ್ಲಿ?" ಎಂದು ಸೊಸೆಯನ್ನು ಕೇಳಿದಳು. ಅಮ್ಮ ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ನಿಮ್ಮ ಮಗನ ಜೇಬಿಗೆ ಹಾಕಿ. ಇನ್ಮೇಲೆ ತಂತಿ ಮುಟ್ಟೋರ ಜೇಬಲ್ಲೇ ಅದು ಇರ್ಬೇಕು. ಕೂಗೋದು, ಕೇಳಿಸ್ಕೊಳ್ಳೋದು ಇನ್ನು ಬೇಡ. ಪ್ಲಗ್ಗು ಇವತ್ತೇ ಬರ್ಬೇಕು. ಸ್ವಿಚ್ಚೂ ಇಲ್ಲಿಗೇ ಬರ್ಬೇಕು, ಈ ಬೋರ್ಡಿನ ಪಕ್ಕಕ್ಕೆ." ಕರೆಂಟಕ್ಕನ ದನಿ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಬರುತ್ತಿತ್ತು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಹಗುರವಾಗುತ್ತಿತ್ತು.

"ಇವತ್ತು ಆ ಕಿಟಕಿ ಆಚೆ ನೀನು ಕೂತಿದ್ದೆ" ಎಂದಳು.

"ಹೂಂ."

"ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೇ. ಇಲ್ಲದ ದನಿ ಕೇಳಿಸ್ಕೊಂಡು ಗಂಡನ್ನ ಕೊಲ್ಲೋಕೆ ಹೋದೋಳು ಅಂತ ನನ್ನ ಬಗ್ಗೆ ನಾನೇ ಅಂದ್ಕೊಂಡಿದ್ದೆ."

"ತಪ್ಪಾಯ್ತು ಅತ್ತಿಗೆ."

ಆಸ್ಪತ್ರೆಯ ಬೆಂಚಿನ ಮೇಲೂ ಅಳದವಳು ಬ್ಯಾಟರಿಗಳ ನಡುವೆ ಹಲಗೆಯ ಮೇಲೆ ಕುಸಿದು ಕೂತಳು. ಅಳುತ್ತಲೇ ಹೇಳಿದಳು, ಜೋರಾಗಿ ಅಲ್ಲ, ಲೆಕ್ಕ ಒಪ್ಪಿಸುವಷ್ಟು ತಣ್ಣಗೆ: "ಶಾಕ್ ಹೊಡೆದಿದ್ದು ನಿಮ್ಮಣ್ಣಂಗೆ. ಗೊತ್ತಾದ ಕೂಡ್ಲೇ ನಾನು ಸ್ವಿಚ್ ತೆಗೆದೆ. ನಂಗೆ ಹೊಡೀತಿದೆ ಅಂತ ನಿಂಗೆ ಗೊತ್ತಿತ್ತು. ಹದಿನಾರು ದಿನ ನೀನು ತೆಗೀಲೇ ಇಲ್ಲ."

ನಾನು ಬ್ಯಾಟರಿ ಹಿಡಿದುಕೊಂಡೇ ಹೊಸಿಲ ಆಚೆ ನಿಂತಿದ್ದೆ. ಅಮ್ಮ ಗೋಡೆ ಹಿಡಿದು ಎದ್ದು, ನನ್ನ ಮುಂದೆಯೇ ಹಾದು ಹೋಗಿ, ಸೊಸೆಯ ಪಕ್ಕದಲ್ಲಿ ಕೂತಳು.